ಸಂಪಿನೊಳಗಿನ ಕಪ್ಪೆ

(ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಅತ್ತಿತ್ತ ಹೋಗಿದ್ದನ್ನು ಸ್ವಲ್ಪ ಕತ್ತರಿಸಿದ್ದೇನೆ. ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಮೈಕು ಕೈಕೊಟ್ಟರೆ ನಾನೂ ಗಂಟಲು ಊದಿಸಿಕೊಂಡು ಕೂಗುತ್ತೇನೆ, ಇವತ್ತಿನ ವಿಷಯಕ್ಕೆ ಸರಿಹೋಗುತ್ತದೆ.

ಮೊದಲು ನಮ್ಮ ಮನೆಯದೇ ಒಂದು ಕತೆ. ಹೋದ ವರ್ಷ ಬೇಸಿಗೆಯಲ್ಲಿ ಸಂಪು ತೊಳೆಸಬೇಕಿತ್ತು. ಮುಚ್ಚಳದ ಒಂದು ಮೂಲೆ ಒಡೆದು ವರ್ಷವಾಗಿತ್ತು, ಇವತ್ತು ಮಾಡಿಸೋಣ ನಾಳೆ ಮಾಡಿಸೋಣ ಅಂತ ಹಾಗೇ ಬಿಟ್ಟಿದ್ದೆ. ತೊಳೆಯಲು ಇಳಿದ ಹುಡುಗ ಕೆಳಗಿನಿಂದ, "ಸಾರ್, ಇಲ್ಲೊಂದು ಕಲ್ಲು ಉಸಿರಾಡ್ತಾ ಇದೆ" ಅಂದ. ಟಾರ್ಚ್ ಬಿಟ್ಟು ನೋಡಿದೆ. ಮೂಲೆಯಲ್ಲಿ ಬೆರಳುದ್ದ ನೀರು ಉಳಿದಿತ್ತು. ಅದರಲ್ಲಿ ಅಂಗೈ ತುಂಬುವಷ್ಟು ದೊಡ್ಡ ನೆಲಗಪ್ಪೆ. ಮೈ ಅಲುಗಾಡುತ್ತಿಲ್ಲ, ಗಂಟಲಿನ ಚರ್ಮ ಮಾತ್ರ ಪಟಪಟ ಬಡಿದುಕೊಳ್ಳುತ್ತಿದೆ. ಗೋಡೆಗೆ ಹಾರಿ ಹಾರಿ ಮೂತಿಯ ತುದಿ ತರಚಿ ಕೆಂಪಾಗಿತ್ತು.

ನಮ್ಮತ್ತೆ ಮೇಲಿಂದಲೇ ಬಗ್ಗಿ ನೋಡಿದರು. "ಅಯ್ಯೋ ರಾಮ, ಇಷ್ಟು ದಿನ ಆ ನೀರಲ್ಲೇ ಅಡುಗೆ ಮಾಡಿದ್ನಾ!" ಅಂದವರೇ ಉಪ್ಪಿನ ಡಬ್ಬಿ ತರಲು ಒಳಗೆ ಹೋದರು. ಅವರು ವಾಪಸ್ ಬರುವಷ್ಟರಲ್ಲಿ ಕಪ್ಪೆಯನ್ನು ಬಕೆಟ್ಟಿನಲ್ಲಿ ಮೇಲೆತ್ತಿ ಹಿತ್ತಲಿನ ಬಾಳೆ ಬುಡಕ್ಕೆ ಬಿಟ್ಟಿದ್ದೆವು.

ಬಾವಿಯೊಳಗಿನ ಕಪ್ಪೆ ಅಂತ ಗಾದೆ ಮಾಡಿ ಕಪ್ಪೆಯನ್ನು ಆಡಿಕೊಳ್ಳುತ್ತೇವೆ. ಅದಕ್ಕೆ ಹೊರಗಿನ ಲೋಕ ಗೊತ್ತಿಲ್ಲ ಅಂತ. ಅವತ್ತು ಸಂಪಿನ ಬಾಯಲ್ಲಿ ಕೂತು ಯೋಚಿಸಿದೆ. ಹಳೇ ಬಾವಿಗೆ ಕಲ್ಲಿನ ಸಂದು ಇರುತ್ತಿತ್ತು, ಒಳಗೆ ಚಾಚಿದ ಮೆಟ್ಟಿಲುಗಲ್ಲು, ಅರಳಿ ಮರದ ಬೇರು. ಬಾವಿಯ ಕಪ್ಪೆಗೆ ಮನಸ್ಸಾದರೆ ಮೇಲೆ ಬರಲು ಏನಾದರೊಂದು ದಾರಿ ಇತ್ತು. ಸಂಪಿನ ಕಪ್ಪೆಗೆ ಇಲ್ಲ. ನಾಲ್ಕೂ ಕಡೆ ನುಣ್ಣನೆ ಸಿಮೆಂಟು. ಇವತ್ತು ನಾನು ಹೇಳಬೇಕಾದ್ದು ಹೆಚ್ಚುಕಮ್ಮಿ ಇಷ್ಟೇ, ಆದರೂ ಒಂದು ಗಂಟೆ ಮಾತಾಡಲು ಕರೆದಿದ್ದೀರಿ. ಹಾಗಾಗಿ ಪ್ರಾಣಿಯನ್ನು ಸರಿಯಾಗಿ ಪರಿಚಯ ಮಾಡಿಕೊಡುತ್ತೇನೆ.

ನಮ್ಮ ಮಾತಿನಲ್ಲಿ ಎಲ್ಲವೂ ಕಪ್ಪೆಯೇ. ಆದರೆ ಹಳ್ಳಿ ಕಡೆಯವರು ಬೇರೆ ಬೇರೆ ಮಾಡಿ ಹೇಳುತ್ತಾರೆ. ಗದ್ದೆಯಲ್ಲಿ ಮಳೆ ಬಿದ್ದ ದಿನ ಮೈಯೆಲ್ಲ ಹಳದಿ ಮಾಡಿಕೊಂಡು ಕೂಗುವುದು ಗೋಂಕರುಗಪ್ಪೆ. ನಮ್ಮ ಮೆಟ್ಟಿಲ ಕೆಳಗೆ, ಹೂಕುಂಡದ ಹಿಂದೆ, ಚರಂಡಿ ಪೈಪಿನ ಬಾಯಲ್ಲಿ ಕೂರುವುದು ನೆಲಗಪ್ಪೆ. ಉಳಿದ ಕಪ್ಪೆಗಳ ಮೈ ಒದ್ದೆ, ಇದರದ್ದು ಒಣಗಿದ ಹಾಗೆ, ಒರಟು. ಅವುಗಳ ಹಿಂಗಾಲು ಉದ್ದ, ಒಂದೇ ನೆಗೆತಕ್ಕೆ ಮಾಯ. ಇದಕ್ಕೆ ಗಿಡ್ಡ ಕಾಲು. ನಾಲ್ಕು ಪುಟ್ಟ ಕುಪ್ಪಳಿಕೆ, ಆಮೇಲೆ ನಡಿಗೆ. ಅವಸರ ಅನ್ನೋದೇ ಇಲ್ಲ. ಯಾಕಿಲ್ಲ ಅನ್ನುವುದಕ್ಕೆ ಕಾರಣ ಇದೆ, ಬರುತ್ತೇನೆ.

ಗುರುತು ಹಿಡಿಯೋದು ಸುಲಭ. ತಲೆ ಮೇಲೆ, ಕಣ್ಣಿನ ಸುತ್ತ ಏಣುಗಳಿವೆ. ಆ ಏಣಿನ ಅಂಚಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಬೆನ್ನ ಮೇಲಿನ ಗುಳ್ಳೆಗಳ ತುದಿಯೂ ಕಪ್ಪು. 1799ರಲ್ಲಿ ಷ್ನೈಡರ್ ಎಂಬ ಜರ್ಮನ್ ವಿದ್ವಾಂಸ ಇದಕ್ಕೆ ಮೆಲನೊಸ್ಟಿಕ್ಟಸ್ ಅಂತ ಹೆಸರಿಟ್ಟ. ಕಪ್ಪು ಚುಕ್ಕೆಯದು ಅಂತ ಅರ್ಥ. ಬಹಳ ಕಾಲ ಬುಫೊ ಎಂಬ ದೊಡ್ಡ ಕುಲದಲ್ಲೇ ಇದನ್ನು ಸೇರಿಸಿದ್ದರು. 2006ರಲ್ಲಿ ಆ ಕುಲವನ್ನು ಒಡೆದಾಗ ನಮ್ಮ ದೇಶದ ಕಪ್ಪೆ ವಿಜ್ಞಾನಿ ಸುಶೀಲ್ ಕುಮಾರ್ ದತ್ತ ಅವರ ಗೌರವಕ್ಕೆ ದತ್ತಾಫ್ರೈನಸ್ ಅಂತ ಕುಲದ ಹೆಸರಾಯಿತು. ಹೆಣ್ಣು ದೊಡ್ಡದು, ಗಂಡು ಸಣ್ಣದು. ಚೆನ್ನಾಗಿ ತಿಂದುಂಡ ಹೆಣ್ಣು ಮೂತಿಯಿಂದ ಹಿಂಭಾಗದವರೆಗೆ 15 ಸೆಂಟಿಮೀಟರ್ ಮುಟ್ಟುತ್ತದೆ. ಕಾಲು ಲೆಕ್ಕಕ್ಕಿಲ್ಲ, ಬರೀ ಮೈ.

ಕಪ್ಪೆ ವಿಜ್ಞಾನದ ಮಾತು ಬಂದಾಗ ಬೆಂಗಳೂರಿನವರು ಸ್ವಲ್ಪ ಜಂಭ ಪಡಬಹುದು. ಮೆಟ್ರೊದಲ್ಲಿ ಸೆಂಟ್ರಲ್ ಕಾಲೇಜು ನಿಲ್ದಾಣ ದಾಟುತ್ತೀರಲ್ಲ, ಅದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದವರು ಸಿ. ಆರ್. ನಾರಾಯಣ ರಾವ್. 1937ರಲ್ಲಿ ಅವರು ದಕ್ಷಿಣ ಭಾರತದ ಕಪ್ಪೆಗಳ ಬಗ್ಗೆ ಬರೆದ ಲೇಖನದಲ್ಲಿ ಹೊಸ ಜಾತಿಗಳ ಸಾಲೇ ಇತ್ತು. ಅದರಲ್ಲಿ ಒಂದು ಗಿಡ್ಡ ಮೂತಿಯ ನೆಲಗಪ್ಪೆ, ಹಾಸನ ಜಿಲ್ಲೆಯ ಕೆಂಪುಹೊಳೆ ಕಾಡಿನದು. ಮುಂದೆ 2010ರಲ್ಲಿ ಪಶ್ಚಿಮ ಘಟ್ಟದ ಪುಟಾಣಿ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ಅವರ ಹೆಸರನ್ನೇ ಸೇರಿಸಿ ರಾವೊರ್ಕೆಸ್ಟಿಸ್ ಅಂತ ಕರೆದರು. ಇನ್ನೊಂದು ಸುದ್ದಿ. 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕಿದ ಒಂದು ಬಿಲಗಪ್ಪೆಗೆ ಸ್ಫೀರೊಥೀಕ ಬೆಂಗಳೂರು ಅಂತಲೇ ಹೆಸರಾಯಿತು. ಊರ ಹೆಸರು ಹೊತ್ತ ಕಪ್ಪೆ ನಮಗಿದೆ. ಸೈಟು ಆಗುವ ಮೊದಲು ಹೋಗಿ ನೋಡಿಕೊಂಡು ಬನ್ನಿ.

ಸರಿ, ಅವಸರ ಯಾಕಿಲ್ಲ ಅಂದೆನಲ್ಲ. ಕಣ್ಣಿನ ಹಿಂದೆ, ಎರಡೂ ಭುಜದ ಮೇಲೆ, ಗೋಡಂಬಿ ಅಂಟಿಸಿದ ಹಾಗೆ ಎರಡು ಉಬ್ಬು ಇರುತ್ತವೆ. ಅವು ವಿಷದ ಗ್ರಂಥಿಗಳು. ನಾಯಿ ಬಾಯಿ ಹಾಕಿ ಕಚ್ಚಿದರೆ ಅಲ್ಲಿಂದ ಹಾಲಿನಂಥ ಅಂಟು ದ್ರವ ಒಸರುತ್ತದೆ. ಅದು ಕೆಲಸ ಮಾಡುವುದು ಹೃದಯದ ಮೇಲೆ. ನಮ್ಮ ಒಂದೊಂದು ಜೀವಕೋಶದ ಗೋಡೆಯಲ್ಲೂ ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಸಿಯಂ ಒಳಗೆ ಎಳೆಯುವ ಒಂದು ಪಂಪು ಇದೆ. ಹೃದಯದ ಬಡಿತದ ಲಯ ನಿಂತಿರುವುದು ಅದರ ಮೇಲೆ. ಕಪ್ಪೆಯ ವಿಷ ಹೋಗಿ ಆ ಪಂಪನ್ನು ಹಿಡಿದು ನಿಲ್ಲಿಸುತ್ತದೆ. ಹೃದಯದ ಕಾಯಿಲೆಗೆ ಕೊಡುವ ಡಿಗಾಕ್ಸಿನ್ ಮಾತ್ರೆ ಕೂಡ ಮುಟ್ಟುವುದು ಇದೇ ಪಂಪನ್ನು. ಆದರೆ ವೈದ್ಯರು ಅಳೆದು ಕೊಡುತ್ತಾರೆ, ಕಪ್ಪೆ ಅಳೆಯುವುದಿಲ್ಲ. ನೆಲಗಪ್ಪೆಯನ್ನೋ ಅದರ ಮೊಟ್ಟೆಯನ್ನೋ ತಿಂದು ಜನ ಸತ್ತಿದ್ದಾರೆ.

ಹೆದರಬೇಡಿ. ಅದು ಹಾರಿ ಬಂದು ಕಚ್ಚುವುದಿಲ್ಲ, ಮೇಲಿನ ದವಡೆಯಲ್ಲಿ ಹಲ್ಲೇ ಇಲ್ಲ. ಸುಮ್ನೆ ಮುಟ್ಟಿದರೆ ವಿಷ ಏರುವುದೂ ಇಲ್ಲ. ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ, ಸೋಪು ಹಾಕಿ ತೊಳೆಯಿರಿ, ಮುಗಿಯಿತು. ನರಹುಲಿ ಬರುತ್ತದೆ ಅನ್ನೋದು ಕಟ್ಟುಕತೆ. ನರಹುಲಿ ಬರುವುದು ಮನುಷ್ಯರಿಂದ ಮನುಷ್ಯರಿಗೆ ದಾಟುವ ವೈರಸ್ಸಿನಿಂದ. ಕಪ್ಪೆಯ ಗುಳ್ಳೆ ಅದರ ಚರ್ಮದ ರೀತಿ, ಕಾಯಿಲೆ ಅಲ್ಲ. ಮನೆಯಲ್ಲಿ ನಾಯಿ ಇದ್ದವರು ಮಾತ್ರ ನೆನಪಿಟ್ಟುಕೊಳ್ಳಿ: ಕಪ್ಪೆ ಕಚ್ಚಿದ ನಾಯಿ ಜೊಲ್ಲು, ನೊರೆ ಸುರಿಸುತ್ತದೆ. ಮೂತಿಯನ್ನು ಕೆಳಗೆ ಬಾಗಿಸಿ, ನೀರು ಗಂಟಲಿಗೆ ಇಳಿಯದ ಹಾಗೆ ಬಾಯಿ ತೊಳೆಸಿ ಪಶುವೈದ್ಯರ ಹತ್ತಿರ ಹೋಗಿ.

ಈಗ ನಮ್ಮತ್ತೆಯ ಉಪ್ಪಿನ ಡಬ್ಬಿಗೆ ಬರೋಣ. ಅವರೂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಬೈಸಿಕೊಳ್ಳಲು ತಯಾರಾಗಿಯೇ ಹೇಳುತ್ತೇನೆ. ನೆಲಗಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ, ತೊಡೆಗಳ ನಡುವೆ ತೆಳು ಚರ್ಮದ ಒಂದು ಜಾಗ ಇದೆ. ಒದ್ದೆ ನೆಲದ ಮೇಲೆ ಅದನ್ನು ಒತ್ತಿ ಕೂತರೆ ನೀರು ಒಳಗೆ ಹೋಗುತ್ತದೆ. ಕುಂಡದ ತಟ್ಟೆಯಲ್ಲಿ ಕಪ್ಪೆ ಸುಮ್ಮನೆ ಕೂತಿದೆ ಅಂದುಕೊಳ್ಳುತ್ತೀರಲ್ಲ, ಅದು ನೀರು ಕುಡೀತಾ ಇರುತ್ತದೆ. ಅಂಥ ಚರ್ಮದ ಮೇಲೆ ಉಪ್ಪು ಎರಚಿದರೆ ಏನಾಗುತ್ತದೆ? ಉಪ್ಪಿನಕಾಯಿ ಹಾಕುವಾಗ ಮಾವಿನಕಾಯಿ ಹೋಳು ರಾತ್ರಿ ಕಳೆಯುವಷ್ಟರಲ್ಲಿ ನೀರು ಬಿಟ್ಟು ಮುದುಡುತ್ತದಲ್ಲ, ಅದೇ. ಕಪ್ಪೆ ಜೀವಂತ ಇರುವಾಗಲೇ. ಈ ಮಾತು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಉಪ್ಪು ಅಡುಗೆಮನೆ ಬಿಟ್ಟು ಹೊರಗೆ ಬಂದಿಲ್ಲ. ಹೌದಲ್ವಾ ಅತ್ತೆ? (ಅತ್ತೆ ತಲೆ ಆಡಿಸಿದರು. ಆದರೆ "ಒಳಗೆ ಬಂದ್ರೆ ಪೊರಕೆ ಇದೆ" ಅಂತ ಸೇರಿಸಿದರು.)

ಇನ್ನೊಂದು ಸಣ್ಣ ವಿಷಯ. ಬೇಸಿಗೆಯಲ್ಲಿ ಮಕ್ಕಳು ಇದನ್ನು ಎತ್ತಿಕೊಂಡರೆ ಕೈ ಮೇಲೆ ಚುರ್ ಅಂತ ಉಚ್ಚೆ ಹೊಯ್ಯುತ್ತದೆ. ಎಲ್ಲರೂ ನಗುತ್ತಾರೆ. ಅದು ಬರೀ ಉಚ್ಚೆಯಲ್ಲ, ಒಣ ದಿನಗಳಿಗೆ ಅಂತ ಮೂತ್ರಕೋಶದಲ್ಲಿ ಕೂಡಿಟ್ಟ ನೀರು. ನಮ್ಮ ಸಂಪಿನ ಹಾಗೆ. ಹೆದರಿಸಿ ಅದನ್ನು ಖಾಲಿ ಮಾಡಿಸಿದರೆ ಟ್ಯಾಂಕರ್ ಕರೆಸಲು ಅದಕ್ಕೆ ಫೋನಿಲ್ಲ.

ಮುಂಗಾರು ಹತ್ತಿರ ಬಂದಾಗ ಒಂದು ರಾತ್ರಿ ಬಾಗಿಲ ದೀಪ ಹಾಕಿ, ಒಂದು ಕುರ್ಚಿ ಹಾಕಿಕೊಂಡು ಕೂತು ನೋಡಿ. ಟಿವಿಗಿಂತ ವಾಸಿ. ಮಳೆ ನಿಂತ ಮೇಲೆ ಈಸಲು ಹುಳ ಏಳುತ್ತದೆ, ದೀಪಕ್ಕೆ ಮುತ್ತುತ್ತದೆ, ರೆಕ್ಕೆ ಉದುರಿಸಿಕೊಂಡು ನೆಲಕ್ಕೆ ಬೀಳುತ್ತದೆ. ನೆಲಗಪ್ಪೆ ಎಲ್ಲಿಂದಲೋ ಬಂದು ದೀಪದ ಕೆಳಗೆ ಕೂರುತ್ತದೆ, ದಿನಾ ಅದೇ ಜಾಗ. ಹುಳ ಓಡಾಡಿದರೆ ಮಾತ್ರ ಅದಕ್ಕೆ ಊಟ, ಅಲುಗದೆ ಬಿದ್ದಿದ್ದರೆ ಇದ್ದೂ ಇಲ್ಲದ ಹಾಗೆ. ಕುತ್ತಿಗೆ ಬಗ್ಗಿಸಿ ಗುರಿ ಇಡುತ್ತದೆ. ಆಗ ಹಿಂಗಾಲಿನ ಒಂದು ಬೆರಳು ತಾಳ ಹಾಕಿದ ಹಾಗೆ ಕುಣಿಯುತ್ತದೆ, ಅದನ್ನು ತಪ್ಪದೆ ಗಮನಿಸಿ. ಆಮೇಲೆ ಟಪ್. ನಾಲಿಗೆ ಬಾಯಿಯ ಮುಂಭಾಗಕ್ಕೆ ಅಂಟಿರುವುದರಿಂದ ಮಡಚಿದ್ದು ಬಿಚ್ಚಿದ ಹಾಗೆ ಹೊರಗೆ ಬೀಳುತ್ತದೆ, ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ನುಂಗುವಾಗ ಕಣ್ಣು ಮುಚ್ಚುತ್ತದೆ. ರುಚಿಗೆ ಅಂದುಕೊಂಡಿರಾ? ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ತಳ್ಳುತ್ತವೆ. ಕಣ್ಣಿನಿಂದ ಊಟ ಮಾಡುವ ಪ್ರಾಣಿ. ತುಟಿಯ ಅಂಚಿನಲ್ಲಿ ಒಂದೆರಡು ಈಸಲು ರೆಕ್ಕೆ ಅಂಟಿಕೊಂಡಿರುತ್ತವೆ, ಮುಂಗೈಯಿಂದ ಒರೆಸಿಕೊಳ್ಳುತ್ತದೆ. ಗೆದ್ದಲು, ಇರುವೆ, ಜಿರಲೆ, ದುಂಬಿ, ಎಲ್ಲ ನಡೆಯುತ್ತದೆ. ತನ್ನದೇ ಹಳೇ ಚರ್ಮವನ್ನೂ ಕಳಚಿ ತಿನ್ನುತ್ತದೆ. ಏನನ್ನೂ ವೇಸ್ಟ್ ಮಾಡುವುದಿಲ್ಲ.

ಮಳೆ ಜೋರಾಗಿ ಬಿದ್ದ ರಾತ್ರಿ ಗಂಡುಗಳು ನೀರಿನ ಅಂಚಿಗೆ ಇಳಿಯುತ್ತವೆ. ಗಂಟಲಡಿ ಹಳದಿ ಕಿತ್ತಳೆ ಬಣ್ಣ ಬಂದಿರುತ್ತದೆ, ಅಲ್ಲಿ ಗುಳ್ಳೆಯಂತೆ ಒಂದು ಚೀಲ ಊದಿಸಿ ಕ್ರೊರ್‌ರ್‌ರ್ ಅಂತ ಉದ್ದಕ್ಕೆ ಎಳೆಯುತ್ತವೆ. ಹೆಣ್ಣು ಬಂದರೆ ಗಂಡು ಬೆನ್ನೇರಿ ಕಂಕುಳಲ್ಲಿ ಕೈ ತೂರಿಸಿ ಬಿಗಿಯಾಗಿ ಹಿಡಿಯುತ್ತದೆ. ಜಾರದಿರಲು ಕೈಬೆರಳಿನ ಮೇಲೆ ಆ ಕಾಲದಲ್ಲಿ ಕಪ್ಪು ಒರಟು ಮೆತ್ತೆ ಬೆಳೆದಿರುತ್ತದೆ. ಗಲಾಟೆಯಲ್ಲಿ ಗಂಡು ಇನ್ನೊಂದು ಗಂಡನ್ನೇ ಹಿಡಿಯುವುದೂ ಉಂಟು. ಹಿಡಿಸಿಕೊಂಡದ್ದು ಚಿಕ್ ಚಿಕ್ ಅಂತ ಬೇರೆ ದನಿ ಮಾಡುತ್ತದೆ: ಬಿಡಪ್ಪಾ, ನಾನಲ್ಲ. ಬಿಟ್ಟುಬಿಡುತ್ತದೆ. ಈ ಬಳಗದ ಗಂಡುಗಳಿಗೆ ವೃಷಣದ ಪಕ್ಕದಲ್ಲಿ ಬೆಳೆಯದೆ ಉಳಿದ ಪುಟ್ಟ ಅಂಡಾಶಯವೂ ಇರುತ್ತದೆ. ವೃಷಣ ತೆಗೆದುಹಾಕಿದರೆ ಅದು ನಿಜವಾದ ಅಂಡಾಶಯವಾಗಿ ಬೆಳೆಯಬಲ್ಲದು. ಈ ಮಾತು ಕೇಳಿ ಹಿಂದಿನ ಸಾಲಿನ ಹುಡುಗರು ನಕ್ಕರು. ನಗಲಿ, ಪರೀಕ್ಷೆಗೆ ನೆನಪಿರುತ್ತದೆ.

ಮೊಟ್ಟೆ ನೋಡಿದರೆ ಯಾವ ಕಪ್ಪೆಯದು ಅಂತ ದೂರದಿಂದಲೇ ಹೇಳಬಹುದು. ಎಷ್ಟೋ ಕಪ್ಪೆಗಳ ಮೊಟ್ಟೆ ನೀರಿನಲ್ಲಿ ನೆನೆಸಿದ ಕಾಮಕಸ್ತೂರಿ ಬೀಜದ ಮುದ್ದೆ. ನೆಲಗಪ್ಪೆಯದು ಕರಿಮಣಿ ಸರ. ಪಾರದರ್ಶಕ ಲೋಳೆಯ ಉದ್ದನೆ ದಾರ, ಒಳಗೆ ಸಾಲಾಗಿ ಪೋಣಿಸಿದ ಕರಿಮಣಿ. ಎರಡೆಳೆ, ಹೆಣ್ಣಿನ ಎರಡು ಅಂಡನಾಳದಿಂದ ಒಂದೊಂದು. ಹುಲ್ಲಿನ ಬುಡಕ್ಕೆ, ಜೊಂಡಿಗೆ ಸುತ್ತಿ ಸುತ್ತಿ ಬಿಡುತ್ತದೆ. ಒಂದು ಸರದಲ್ಲಿ ಸಾವಿರಗಟ್ಟಲೆ ಮೊಟ್ಟೆ. ಅದರಲ್ಲಿ ಬೆಳೆದು ದೊಡ್ಡದಾಗಿ ಮತ್ತೆ ಆ ನೀರಿಗೆ ಬರುವುದು ಬೆರಳೆಣಿಕೆ.

ಗೊದಮೊಟ್ಟೆಗಳು ಕಪ್ಪಗೆ, ಗುಂಪು ಗುಂಪಾಗಿ ಈಜುತ್ತವೆ. ನೀರಿನಲ್ಲಿ ಮಸಿ ಚೆಲ್ಲಿದ ಹಾಗೆ ಇಡೀ ಗುಂಪು ಜರುಗುತ್ತದೆ. ಈ ಗುಂಪಿನ ಬಗ್ಗೆ ನಮ್ಮ ಧಾರವಾಡದಲ್ಲಿ ಬಹಳ ಚೆಂದದ ಕೆಲಸ ನಡೆದಿದೆ. ಕರ್ನಾಟಕ ವಿಶ್ವವಿದ್ಯಾಲಯದ ಶ್ರೀನಿವಾಸ ಸೈದಾಪುರ ಮತ್ತು ಅವರ ಜೊತೆಯವರು ಕೇಳಿದ ಪ್ರಶ್ನೆ ಸರಳ: ಗೊದಮೊಟ್ಟೆಗೆ ಒಡಹುಟ್ಟಿದವರ ಗುರುತು ಇರುತ್ತದಾ? ತೊಟ್ಟಿಯ ಒಂದು ತುದಿಯಲ್ಲಿ ಒಂದೇ ತಾಯಿಯ ಮರಿಗಳು, ಇನ್ನೊಂದು ತುದಿಯಲ್ಲಿ ಬೇರೆಯವರ ಮರಿಗಳು, ಮಧ್ಯದಲ್ಲಿ ಪರೀಕ್ಷೆಗೆ ಬಿಟ್ಟ ಮರಿ. ಅದು ಯಾವ ಕಡೆ ಎಷ್ಟು ಹೊತ್ತು ಇರುತ್ತದೆ ಅಂತ ಗಡಿಯಾರ ಹಿಡಿದು ಕೂತರು. ಮರಿ ಜಾಸ್ತಿ ಹೊತ್ತು ಇದ್ದದ್ದು ಒಡಹುಟ್ಟಿದವರ ಕಡೆ. 2000ನೇ ಇಸವಿಯಲ್ಲಿ ಇದು ಪ್ರಕಟವಾಯಿತು. ಹಳ್ಳದ ಕೊಚ್ಚೆಯಲ್ಲಿ ಅಣ್ಣ ತಮ್ಮ ಅಕ್ಕ ತಂಗಿ ಅಂತ ಗುರುತಿಟ್ಟುಕೊಂಡು ಈಜುವ ಪ್ರಾಣಿ ಅದು. ನಮ್ಮಲ್ಲಿ ಆಸ್ತಿ ಭಾಗ ಆಗುವವರೆಗೆ ಮಾತ್ರ.

ಒಂದೆರಡು ತಿಂಗಳೊಳಗೆ ಕಾಲು ಬಂದು, ಬಾಲ ಕರಗಿ, ಕಡಲೆಕಾಯಿ ಬೀಜದಷ್ಟು ಮರಿಗಪ್ಪೆ ದಡ ಹತ್ತುತ್ತದೆ. ಮಳೆ ಮುಗಿದ ಬೆಳಗ್ಗೆ ಕೆರೆಯಂಚಿನ ಹುಲ್ಲಿನಲ್ಲಿ ನೆಲವೇ ಕುಪ್ಪಳಿಸುತ್ತಿದೆ ಅನ್ನುವ ಹಾಗೆ ಇರುತ್ತದೆ. ದಡ ಹತ್ತುತ್ತದೆ ಅಂದೆ. ಈ ಮಾತನ್ನು ಒಂದು ಕಡೆ ಇಟ್ಟುಕೊಂಡಿರಿ.

ಈಗ ಸ್ವಲ್ಪ ದೂರದ ಊರಿಗೆ. ನೆಲಗಪ್ಪೆ ಬಳಗದ ದೈತ್ಯ ದಕ್ಷಿಣ ಮತ್ತು ಮಧ್ಯ ಅಮೆರಿಕದ ಕೇನ್ ಟೋಡ್. ಕಬ್ಬಿನ ಕಪ್ಪೆ ಅನ್ನೋಣ. 2023ರ ಜನವರಿಯಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಕಾನ್ವೇ ಕಾಡಿನಲ್ಲಿ ಸಿಕ್ಕಿದ ಒಂದು ಹೆಣ್ಣು 2.7 ಕೆಜಿ ತೂಗಿತು. ಆಗತಾನೆ ಹುಟ್ಟಿದ ಕೂಸಿನ ತೂಕ. ಅಮೆರಿಕದ ಕಪ್ಪೆಗೆ ಆಸ್ಟ್ರೇಲಿಯದಲ್ಲೇನು ಕೆಲಸ? ಮಂಡ್ಯದವರಿಗೆ ಥಟ್ಟನೆ ಅರ್ಥವಾಗುವ ಕತೆ. ಅಲ್ಲಿ ಕಬ್ಬಿಗೆ ದುಂಬಿಯ ಕಾಟ. ಅದರ ಮರಿಹುಳ ಬೇರು ತಿನ್ನುತ್ತದೆ, ದುಂಬಿ ಗರಿ ತಿನ್ನುತ್ತದೆ. 1935ರಲ್ಲಿ ಹವಾಯಿಯಿಂದ ನೂರು ಚಿಲ್ಲರೆ ಕಪ್ಪೆ ತಂದು ಮರಿ ಮಾಡಿಸಿ, ಆಗಸ್ಟಿನಲ್ಲಿ ಸುಮಾರು 2,400 ಮರಿಗಳನ್ನು ಕಬ್ಬಿನ ಸೀಮೆಗೆ ಬಿಟ್ಟರು. ಹುಳ ನೆಲದೊಳಗೆ, ದುಂಬಿ ಗರಿಯ ತುದಿಯಲ್ಲಿ, ಕಪ್ಪೆ ನೆಲದ ಮೇಲೆ. ಮೂವರೂ ಭೇಟಿಯಾಗಲೇ ಇಲ್ಲ! ಒಬ್ಬ ಮಂಡ್ಯದ ರೈತನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದ.

ದುಂಬಿಗೆ ಏನೂ ಆಗಲಿಲ್ಲ. ಕಪ್ಪೆ ಮಾತ್ರ ಕೋಟಿಗಟ್ಟಲೆ ಆಯಿತು. ಆಸ್ಟ್ರೇಲಿಯದಲ್ಲಿ ಅದುವರೆಗೆ ನೆಲಗಪ್ಪೆ ಬಳಗವೇ ಇರಲಿಲ್ಲ. ಅಲ್ಲಿನ ಹಾವು, ಉಡ, ಕ್ವೋಲ್ ಅನ್ನುವ ಚುಕ್ಕೆ ಬೆಕ್ಕಿನಂಥ ಪ್ರಾಣಿ, ಎಲ್ಲವೂ ಇದನ್ನು ಮಾಮೂಲಿ ಕಪ್ಪೆ ಅಂತ ಬಾಯಿಗೆ ಹಾಕಿಕೊಂಡು ಸತ್ತವು. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ನಮ್ಮ ಏಷ್ಯಾದ ಉಡಗಳಿಗೆ ಕಪ್ಪೆ ವಿಷ ತಟ್ಟುವುದಿಲ್ಲ, ಆಗ ಹೇಳಿದ ಪಂಪಿನ ಆಕಾರವೇ ಅವುಗಳಲ್ಲಿ ಸ್ವಲ್ಪ ಬೇರೆ. ಆಸ್ಟ್ರೇಲಿಯದ ಉಡಗಳೂ ಅದೇ ವಂಶದವು. ಆದರೆ ನೆಲಗಪ್ಪೆ ಇಲ್ಲದ ನಾಡಿಗೆ ಹೋಗಿ ನೆಲೆಸಿದ ಮೇಲೆ ಆ ಗುಣ ಕಳೆದುಕೊಂಡವು. ಡಿಎನ್ಎಯಲ್ಲಿ ನಾಲ್ಕೇ ನಾಲ್ಕು ಅಕ್ಷರದ ವ್ಯತ್ಯಾಸ. ಬೇಡದ ಕೊಡೆಯನ್ನು ಬಸ್ಸಿನಲ್ಲಿ ಮರೆತು ಬಂದ ಹಾಗೆ, ಆಮೇಲೆ ಮಳೆ ಬಂತು. ಕೆಲವು ಪ್ರಾಣಿಗಳು ಕಲಿತವು ಅನ್ನಿ. ಕಾಗೆಗಳು ಕಪ್ಪೆಯನ್ನು ಮಗುಚಿ ಹಾಕಿ, ಬೆನ್ನಿನ ವಿಷ ಮುಟ್ಟದೆ ಹೊಟ್ಟೆ ಕಡೆಯಿಂದ ತಿನ್ನುತ್ತವೆ. ಕಾಗೆಗೆ ಎಲ್ಲಿ ಹೋದರೂ ಬುದ್ಧಿ ಜಾಸ್ತಿ.

ಅದು ಪರದೇಶದ ಕಪ್ಪೆಯ ಕತೆ, ನಮ್ಮದು ಸಾಧು ಅಂದುಕೊಂಡರೆ, 2014ರಲ್ಲಿ ಮಡಗಾಸ್ಕರ್ ದ್ವೀಪದ ಟೊಮಾಸಿನ ಬಂದರಿನ ಸುತ್ತ ಕಾಣಿಸಿಕೊಂಡು ವಿಜ್ಞಾನಿಗಳ ನಿದ್ದೆ ಕೆಡಿಸಿದ್ದು ಇದೇ ನೆಲಗಪ್ಪೆ. ನಮ್ಮ ಮೆಟ್ಟಿಲ ಕೆಳಗಿನ ಜಾತಿಯೇ. ಹಡಗಿನ ಸರಕಿನ ಜೊತೆ ಹೋಗಿರಬೇಕು ಅನ್ನುತ್ತಾರೆ. ವಂಶ ಹುಡುಕಿದಾಗ ಆ ಕಪ್ಪೆಗಳು ಆಗ್ನೇಯ ಏಷ್ಯಾ ಕಡೆಯವು ಅಂತ ಗೊತ್ತಾಯಿತು. ಸದ್ಯ, ನಮ್ಮ ಮೇಲೆ ಬರಲಿಲ್ಲ. ಮಡಗಾಸ್ಕರಿನಲ್ಲೂ ನೆಲಗಪ್ಪೆ ಬಳಗ ಮೊದಲು ಇರಲಿಲ್ಲ. ಅಲ್ಲಿನ ಹತ್ತಾರು ಪ್ರಾಣಿಗಳ ಜೀನ್ ಪರೀಕ್ಷಿಸಿ 2018ರಲ್ಲಿ ಬರೆದ ವರದಿಯಲ್ಲಿ ವಿಷ ತಡೆಯುವ ಗುಣ ಕಂಡದ್ದು ಒಂದೇ ಒಂದು ಇಲಿ ಜಾತಿಯಲ್ಲಿ. ಉಳಿದವೆಲ್ಲ ತಿಂದರೆ ಹೋದವು.

ಹಾಗಾದರೆ ನಮ್ಮೂರಿನಲ್ಲಿ ಯಾಕೆ ಇದು ಕೋಟಿಗಟ್ಟಲೆ ಆಗಿ ನಮ್ಮನ್ನು ಮುತ್ತಿಲ್ಲ? ಕೇರೆ ಹಾವು ಇದೆ, ನೀರುಹಾವು ಇದೆ, ನಾಗರಹಾವು ಇದೆ. ಇವಕ್ಕೆ ಇದು ಊಟ. ಗೊದಮೊಟ್ಟೆಯನ್ನು ಕೊಡತಿ ಹುಳುವಿನ ಮರಿ ಹಿಡಿಯುತ್ತದೆ. ಕಡಲೆಬೀಜದಷ್ಟು ಮರಿಗಳನ್ನು ಕೊಕ್ಕರೆ ಹೆಕ್ಕುತ್ತದೆ. ಲಕ್ಷಾಂತರ ವರ್ಷ ಜೊತೆಯಲ್ಲಿ ಬಾಳಿದ ನೆರೆಹೊರೆ ಅದು. ಅಲ್ಲಿ ಪಿಡುಗು ಆದದ್ದು ಇಲ್ಲಿ ಮನೆಯ ಪಕ್ಕದ ಪ್ರಾಣಿಯಾಗಿ ಇರುವುದು ಈ ನೆರೆಹೊರೆಯಿಂದ.

ಇನ್ನು ಉಳಿಸುವ ಮಾತು. ಜಗತ್ತಿನ ಉಭಯವಾಸಿಗಳಲ್ಲಿ ನೂರಕ್ಕೆ ಸುಮಾರು 41 ಅಳಿವಿನ ಅಂಚಿನಲ್ಲಿವೆ ಅಂತ 2023ರ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ನೆಲಗಪ್ಪೆ ಇಲ್ಲ. ಅದು 'ಸದ್ಯಕ್ಕೆ ಆತಂಕವಿಲ್ಲ' ಪಟ್ಟಿಯಲ್ಲಿದೆ. ಪಾಕಿಸ್ತಾನದಿಂದ ಇಂಡೊನೇಷ್ಯಾವರೆಗೆ ಇದೆ, ಗದ್ದೆಯಲ್ಲೂ ಇದೆ, ಬಸ್ ಸ್ಟ್ಯಾಂಡಿನಲ್ಲೂ ಇದೆ. ಹಾಗಾಗಿ ಯಾರೂ ಎಣಿಸುವುದಿಲ್ಲ. ಕಪ್ಪೆ ಕಾಲಿನ ರಫ್ತನ್ನು 1987ರಲ್ಲಿ ನಿಲ್ಲಿಸಿದ್ದು ಗೋಂಕರುಗಪ್ಪೆಯಂಥ ತಿನ್ನುವ ಜಾತಿಗಳಿಗೆ ಉಸಿರು ಕೊಟ್ಟಿತು. ನೆಲಗಪ್ಪೆಯ ವಿಷ ಅದನ್ನು ಮೊದಲೇ ಆ ವ್ಯಾಪಾರದಿಂದ ಕಾಪಾಡಿತ್ತು. ವಿಷ ಹಾವಿನ ಬಾಯಿಗೆ ಅಂತ ಇತ್ತು, ಮನುಷ್ಯನ ತಟ್ಟೆಗೂ ಉಪಯೋಗಕ್ಕೆ ಬಂತು. ಕಾರಿನ ಚಕ್ರಕ್ಕೆ ಮಾತ್ರ ಬರುವುದಿಲ್ಲ.

ಬೆಂಗಳೂರಿನ ಕೆರೆಗಳೆಲ್ಲ ಕಟ್ಟಿದ ಕೆರೆಗಳು. ಒಂದು ಕಡೆ ಏರಿ, ಕೋಡಿ, ತೂಬು. ಎದುರು ಕಡೆ ನೆಲ ನಿಧಾನಕ್ಕೆ ಇಳಿದು ನೀರು ಸೇರುವ ಜಾಗ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು, ಬೇಸಿಗೆಯಲ್ಲಿ ದನ ಮೇಯುವ ಹುಲ್ಲು. ಕಪ್ಪೆಗೆ ಬೇಕಾದ್ದು ಆ ಅಂಚು. ಮೀನು ತುಂಬಿದ ಆಳದ ನೀರಿನಲ್ಲಿ ಗೊದಮೊಟ್ಟೆ ಬದುಕುವುದು ಕಷ್ಟ. ಅಂಚಿನ ತೆಳು ನೀರಿನಲ್ಲಿ, ಹಸುವಿನ ಕಾಲು ಊರಿದ ಗುಂಡಿಯಲ್ಲಿ, ತಿಂಗಳೆರಡು ತಿಂಗಳು ನಿಂತು ಒಣಗುವ ಹೊಂಡದಲ್ಲಿ ಬದುಕುತ್ತದೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಅದು ಹಳೇ ಗೋಳು, ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಉಳಿದುಕೊಂಡ ಕೆರೆಗಳ ಬಗ್ಗೆ. ಕೆರೆ ಅಭಿವೃದ್ಧಿ ಅಂದರೆ ಹೂಳು ತೆಗೆದು, ಬಟ್ಟಲ ಹಾಗೆ ಸುತ್ತ ಆಳ ಮಾಡಿ, ಕಲ್ಲು ಕಟ್ಟಿ, ಮೇಲೊಂದು ವಾಕಿಂಗ್ ಪಾತ್ ಹಾಕುವುದು ಅನ್ನುವಂತಾಗಿದೆ. ನೀರು ಇದೆ, ನೋಡಲು ಚೆನ್ನಾಗಿದೆ, ನಾನೂ ಅಲ್ಲೇ ವಾಕಿಂಗ್ ಹೋಗುತ್ತೇನೆ. ಆದರೆ ನಾಲ್ಕೂ ಕಡೆ ನೆಟ್ಟಗಿನ ಗೋಡೆ. ದೊಡ್ಡದೊಂದು ಸಂಪು. ರಾಜಕಾಲುವೆಯೂ ಹಾಗೇ, ಇಳಿದ ಕಪ್ಪೆ ಹತ್ತುವಂತಿಲ್ಲ.

ಕಪ್ಪೆಗಾಗಿ ವಾಕಿಂಗ್ ಪಾತ್ ಕಿತ್ತುಹಾಕಿ ಅನ್ನುವಷ್ಟು ಹುಚ್ಚು ನನಗಿಲ್ಲ. ಸುತ್ತಳತೆಯಲ್ಲಿ ಒಂದು ಕಡೆಯಾದರೂ ಕಲ್ಲು ಕಟ್ಟದೆ, ಇಳಿಜಾರು ಮಣ್ಣು, ಜೊಂಡು, ಹುಲ್ಲು ಬಿಡಿ ಅನ್ನುತ್ತೇನೆ. ಅಲ್ಲಿ ಹುಲ್ಲು ಕೊಯ್ದು 'ಕ್ಲೀನ್' ಮಾಡಬೇಡಿ. ಸೊಳ್ಳೆಗೆ ಅಂತ ಗಾಂಬೂಸಿಯಾ ಮೀನನ್ನು ಸಿಕ್ಕ ಸಿಕ್ಕ ಹೊಂಡಕ್ಕೆಲ್ಲ ಸುರಿಯಬೇಡಿ. ಅದೂ ಅಮೆರಿಕದಿಂದ ತಂದದ್ದೇ, ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಒಬ್ಬರನ್ನು ಹಿಡಿಯಲು ಇನ್ನೊಬ್ಬರನ್ನು ತಂದು ಬಿಡುವ ಕತೆಯನ್ನು ಈಗಷ್ಟೇ ಕೇಳಿದಿರಲ್ಲ. ಮಳೆ ರಾತ್ರಿ ಕೆರೆ ಪಕ್ಕದ ರಸ್ತೆಯಲ್ಲಿ ಗಾಡಿ ನಿಧಾನ ಓಡಿಸಿ. ಟಾರು ಬೆಚ್ಚಗಿರುತ್ತದೆ, ಬೀದಿದೀಪದ ಕೆಳಗೆ ಹುಳ ಇರುತ್ತದೆ, ಕಪ್ಪೆ ಅಲ್ಲೇ ಬಂದು ಕೂರುತ್ತದೆ. ಗಾಡಿ ಬಂದರೆ ಓಡುವುದಿಲ್ಲ. ಅವಸರ ಇಲ್ಲ ಅಂದೆನಲ್ಲ, ಬೆನ್ನ ಮೇಲೆ ವಿಷ ಇದೆ ಅನ್ನೋ ಧೈರ್ಯ ಅದಕ್ಕೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಬರೆಯುತ್ತೇನೆ.

ಮೊದಲನೆಯದು ಹಿರಿಯರೊಬ್ಬರದು. "ಕಪ್ಪೆ ಇದ್ದರೆ ಹಾವು ಬರುತ್ತೆ, ಮಕ್ಕಳು ಆಡೋ ಜಾಗ ಇದು. ಅದಕ್ಕೇನು ಹೇಳ್ತೀರಿ?" ನ್ಯಾಯವಾದ ಪ್ರಶ್ನೆ. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ ಕಪ್ಪೆ ಶಂಕರ ನೋಡಿದ್ದೀರಲ್ಲ, ಬಸುರಿ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟಿತು ಅನ್ನುತ್ತಾರೆ. ನಮ್ಮ ಬಡಾವಣೆಯ ಹಾವುಗಳಿಗೆ ಅಷ್ಟು ಪುಣ್ಯ ಇಲ್ಲ, ತಿನ್ನುವುದಕ್ಕೇ ಬರುತ್ತವೆ. ಆದರೆ ಊರೊಳಗೆ ಹಾವನ್ನು ಕರೆಯುವುದು ಮುಖ್ಯವಾಗಿ ಇಲಿ, ಇಲಿಯನ್ನು ಕರೆಯುವುದು ಕಸ. ಮೂಲೆಯಲ್ಲಿ ಸುರಿದ ಕಸ, ಒಟ್ಟಿದ ಹಳೇ ಇಟ್ಟಿಗೆ ತೆಗೆಸಿದರೆ ಅರ್ಧ ಭಯ ಹೋಗುತ್ತದೆ. ರಾತ್ರಿ ಟಾರ್ಚ್ ಹಿಡಿದು ಓಡಾಡಿ. ಬಂದ ಹಾವನ್ನು ಹೊಡೆಯದೆ ಹಿಡಿಯಬಲ್ಲವರನ್ನು ಕರೆಸಿ. ಹಿರಿಯರಿಗೆ ಪೂರ್ತಿ ಸಮಾಧಾನ ಆಗಲಿಲ್ಲ ಅನ್ನೋದು ಮುಖದಲ್ಲೇ ಕಾಣುತ್ತಿತ್ತು.

ಎರಡನೆಯದು ಐದನೇ ಕ್ಲಾಸಿನ ಹುಡುಗಿಯದು. "ಅಂಕಲ್, ನಮ್ಮ ಸಂಪಿಗೂ ಮುಚ್ಚಳ ಒಡೆದಿದೆ. ಹಗ್ಗ ಇಳಿಬಿಟ್ಟರೆ ಹತ್ಕೊಂಡು ಬರುತ್ತಾ?"

ಹಗ್ಗ ಆಗಲ್ಲ ಪುಟ್ಟಿ. ಮರಗಪ್ಪೆಗೆ ಬೆರಳ ತುದಿಯಲ್ಲಿ ಅಂಟುವ ಬಿಲ್ಲೆ ಇರುತ್ತದೆ, ನೆಲಗಪ್ಪೆಗೆ ಇಲ್ಲ. ಅದಕ್ಕೆ ಹಲಗೆ ಬೇಕು. ಹಲಗೆ ತಳ ಮುಟ್ಟಬೇಕು, ತುಂಬ ನೆಟ್ಟಗೆ ನಿಲ್ಲಬಾರದು, ಮೇಲೆ ಹಳೇ ಗೋಣಿಚೀಲ ಸುತ್ತಿದರೆ ಕಾಲಿಗೆ ಹಿಡಿತ ಸಿಗುತ್ತದೆ. ಆದರೆ ಕುಡಿಯುವ ನೀರಿನ ಸಂಪಿಗೆ ಗೋಣಿಚೀಲ ಇಳಿಸಿದರೆ ನಿಮ್ಮಮ್ಮ ಇಬ್ಬರಿಗೂ ಬೈಯುತ್ತಾರೆ. ಅಪ್ಪನಿಗೆ ಹೇಳಿ ಮೊದಲು ಮುಚ್ಚಳ ಹಾಕಿಸು. ಗೋಣಿ ಸುತ್ತಿದ ಹಲಗೆಯನ್ನು ಗೇಟಿನ ಪಕ್ಕದ ಮೀಟರ್ ಗುಂಡಿಗೆ ಇಡು. ನಮ್ಮ ಮನೆಯಲ್ಲೂ ಇದ್ದದ್ದನ್ನು ಹೇಳುತ್ತಿದ್ದೇನೆ. ಮುಚ್ಚಳ ಕಪ್ಪೆ ಸಿಕ್ಕಿದ ವಾರ ಹಾಕಿಸಿದೆ, ಹಲಗೆ ಇಟ್ಟಿದ್ದು ಮಾತ್ರ ಮೊನ್ನೆ, ಈ ಮಾತಿಗೆ ತಯಾರಿ ಮಾಡುವಾಗ.